ಷರಾ

ರಟ್ಟಿನ ಡಬ್ಬಿಯ ಮೇಲೆ ಯಾರೋ ಹಿಂದಿನವರು
ನೀಲಿ ಶಾಯಿಯಲ್ಲಿ ಬರೆದಿದ್ದರು:
‘ಇಂಡಿಯನ್ ಸ್ಕೌಟುಗಳು, ಅಶ್ವದಳ. ಮೈಸೂರು ಸೀಮೆ ಇರಬಹುದು.’
ಆ ‘ಇರಬಹುದು’ ಮೂವತ್ತೆಂಟು ವರ್ಷ
ಕ್ವೀನ್ಸ್ ರೋಡಿನ ಈ ನೆಲಮಾಳಿಗೆಯಲ್ಲಿ
ಯಾರ ತಂಟೆಗೂ ಹೋಗದೆ ಕೂತಿತ್ತು,
ಎಡಕ್ಕೆ ಪ್ಲೇಗಿನ ಲೆಕ್ಕ, ಬಲಕ್ಕೆ ಮುಚ್ಚಿಹೋದ ಕೆರೆಗಳ ನಕ್ಷೆ.

ನನಗೂ ಮೊದಲು ಅನುಮಾನ ಬರಲಿಲ್ಲ.
ಬಂಡೆಗಳು ರಾಮನಗರದವೇ.
ತಲೆಗೆ ಸುತ್ತಿದ ಬಟ್ಟೆ,
ಸೊಂಟದಿಂದ ಇಳಿಬಿಟ್ಟ ಬಿಳಿ ಪಂಚೆಯಂಥದ್ದು,
ಹಿಂದೆ ಪಾಪಾಸುಕಳ್ಳಿ.
(ಆ ಕಳ್ಳಿ ಅಲ್ಲಿಂದಲೇ ಇಲ್ಲಿಗೆ ಬಂದದ್ದೆಂದು ಆಮೇಲೆ ಓದಿದೆ.
ಅದಕ್ಕೆ ಯಾವ ಡಬ್ಬಿಯೂ ಇಲ್ಲ.)
ಬ್ರಷ್ಷಾಡಿಸುತ್ತ ಹೋದಂತೆ
ಕೂದಲು ಭುಜಕ್ಕಿಳಿಯಿತು,
ಕಾಲಿಗೆ ಮೊಣಕಾಲವರೆಗೆ ಜಿಂಕೆಯ ಚರ್ಮ ಬಂತು,
ಗಾಜಿನ ಅಂಚಿನಲ್ಲಿ ಸೂಜಿಯಿಂದ ಗೀರಿದ ಅಕ್ಷರ:
ಅರಿಜೋನಾ, ೧೮೮೪.

ಎಂಥ ಇಂಡಿಯನ್ನರು ಸ್ವಾಮಿ ನೀವು!
ದಾರಿ ತಪ್ಪಿದ ನಾವಿಕನೊಬ್ಬನ ಬಾಯಿತಪ್ಪಿಗೆ
ನಮ್ಮ ಹೆಸರು ಹೊತ್ತುಕೊಂಡು
ಸುತ್ತಿ ಬಳಸಿ ಈಗ ನಮ್ಮ ಕಪಾಟಿಗೇ ಬಂದಿದ್ದೀರಿ.

ಕಾಗದಗಳು ಲೆಫ್ಟಿನೆಂಟ್ ಹಾರ್ಲನ್ ಪ್ರೂಯಿಟ್‌ನವು.
ಅವನ ಮೊಮ್ಮಗಳು ಎಡ್ನಾ ಮಿಸ್ಸು ರಿಚ್ಮಂಡ್ ಟೌನಿನಲ್ಲಿ
ಹುಡುಗಿಯರಿಗೆ ಭೂಗೋಳ ಹೇಳುತ್ತಿದ್ದಳು.
ಸತ್ತಾಗ ಪಿಯಾನೊ ಹರಾಜಾಯಿತು, ಟ್ರಂಕು ಇಲ್ಲಿಗೆ ಬಂತು.

ಅಕ್ಷರ ದುಂಡಗೆ. ತಂಗಿಗೆ ಬರೆದ ಪತ್ರಗಳಲ್ಲಿ
ಹಲ್ಲುನೋವು, ಬಿಸಿಲು, ಕೆಟ್ಟ ಕಾಫಿ.
ಕುದುರೆಯ ಹೆಸರು ಪೆನೆಲೋಪಿ.
ಹೇಸರಗತ್ತೆಗಳಿಗೂ ಹೆಸರುಂಟು, ಹನ್ನೊಂದಕ್ಕೂ.
ಜನಕ್ಕೆ ಮಾತ್ರ ಬಿಲ್ಲೆ:
ಕೊರಳಲ್ಲಿ ಹಿತ್ತಾಳೆ, ಹಿತ್ತಾಳೆಯ ಮೇಲೆ ನಂಬರು.
ಸಂಬಳದ ಪಟ್ಟಿಯಲ್ಲಿ ಸಹಿಯ ಜಾಗದಲ್ಲಿ
ಇಪ್ಪತ್ತಾರು ಗುಣಾಕಾರ ಚಿಹ್ನೆ,
ಒಂದೊಂದೂ ಒಂದೊಂದು ಕಡೆಗೆ ವಾಲಿದ್ದು.

ಕೊನೆಗೊಂದು ಪದಪಟ್ಟಿ: ನೀರು, ಬೆಂಕಿ, ಹೆಜ್ಜೆಗುರುತು, ನಾಳೆ.
ಎದುರಿಗೆ ಅವರ ಮಾತು, ಇವನ ಕಿವಿಗೆ ಬಿದ್ದಂತೆ.
‘ಶತ್ರು’ವಿನ ಎದುರು ಮೂರು ಸಲ ಬರೆದು
ಮೂರು ಸಲ ಹೊಡೆದುಹಾಕಿದ್ದಾನೆ.
ಬೆಟ್ಟದ ಮೇಲೆ ತಲೆಮರೆಸಿಕೊಂಡವರು
ಇವರ ಭಾವಮೈದುನರೇ ಅಂತೆ.
ಅದು ತಂಗಿಯ ಪತ್ರದಲ್ಲಿದೆ, ಹಲ್ಲುನೋವಿನ ಕೆಳಗೆ.

ಹದಿನಾಲ್ಕನೇ ಗಾಜಿನಲ್ಲಿ ನಂಬರು ಏಳು.
ಎಲ್ಲರೂ ಕ್ಯಾಮೆರಾ ನೋಡುತ್ತಿದ್ದಾರೆ,
ಅವನೊಬ್ಬ ತಲೆ ತಗ್ಗಿಸಿದ್ದಾನೆ.
ಎರಡು ವಾರ ಅವನನ್ನೇ ನೋಡಿದೆ,
ಶಿವಾಜಿನಗರದ ಬಸ್ಸಿನಲ್ಲಿ ನಿಂತೂ ನೆನೆದೆ.
ತನ್ನವರ ಜಾಡು ತಾನೇ ತೋರಿಸಿಕೊಟ್ಟವನ ಕುತ್ತಿಗೆ
ಹೀಗೇ ಬಾಗುತ್ತದೆ ಅಂದುಕೊಂಡೆ.
ವಿವರದಲ್ಲಿ ‘ಪಶ್ಚಾತ್ತಾಪ?’ ಎಂದು ಬರೆದೆ.
ಅಳಿಸಿದೆ. ಮತ್ತೆ ಬರೆದೆ.
ಇಲ್ಲಿ ಪೆನ್ಸಿಲ್ಲೇ ಕಡ್ಡಾಯ, ಅದೊಂದು ಪುಣ್ಯ.

ಗಫಾರ್ ಸಾಬರು ಟೀ ತಂದರು. ಲೋಟ ಬಾಗಿಲಾಚೆ, ನಿಯಮ.
ಅವರ ಅಜ್ಜ ಕ್ಯಾವಲ್ರಿ ರೋಡಿನಲ್ಲಿ ನಾಲಬಂದ್,
ಪಲ್ಟನ್ನಿನ ಕುದುರೆಗಳಿಗೆ ಲಾಳ ಹೊಡೆದವರು.
ಕನ್ನಡಕ ಹಣೆಗೇರಿಸಿ ಗಾಜಿನ ಮೇಲೆ ಬಗ್ಗಿದರು,
ಉಸಿರು ತಾಗದಷ್ಟು ದೂರ.
‘ಇವ್ನು ಬೇಜಾರಲ್ಲಿದಾನೆ ಅಂತ ಯಾರಂದ್ರು ಅಮ್ಮಾ?
ಕಾಲು ನೋಡ್ತಾವ್ನೆ. ಕುದುರೇದು.
ಹಿಂದಿನ ಎಡಗಾಲು, ಲಾಳ ಸಡ್ಲ. ಎರಡು ಮೊಳೆ ಇಲ್ಲ.
ಹೊತ್ತು ಮುಳುಗೋಗಂಟ ನಡೆಯಲ್ಲ ಇದು.’

ಭೂತಗನ್ನಡಿ ಹಿಡಿದೆ. ಹೌದು.
ಪೆನೆಲೋಪಿಯ ಮೇಲೆ ಲೆಫ್ಟಿನೆಂಟ್,
ಗಲ್ಲ ಎತ್ತಿ ಎಲ್ಲೋ ದೂರ ನೋಡುತ್ತಾನೆ.
ಏಳು ಅವನಿಗೆ ಹೇಳಿದನೋ, ಸುಮ್ಮನಿದ್ದನೋ,
ಯಾವ ಪತ್ರದಲ್ಲೂ ಇಲ್ಲ.

ಸೋಮವಾರದೊಳಗೆ ಡಬ್ಬಿ ‘ವಿದೇಶ’ಕ್ಕೆ,
ಮಹಡಿ ಮೇಲಕ್ಕೆ: ದಯಾಮಣಿ ಮೇಡಂ ಆರ್ಡರು.
ಸ್ಥಳ ತಿದ್ದಿದೆ. ಕಾಲ ತಿದ್ದಿದೆ.
‘ಇರಬಹುದು’ ಅಳಿಸಲು ಹೋದೆ, ಶಾಯಿ ಬಿಡಲಿಲ್ಲ.
ವ್ಯಕ್ತಿಗಳ ಹೆಸರು: ಗೊತ್ತಿಲ್ಲ.
ಷರಾ: ಹಿಂದಿನ ಎಡಗಾಲಿನ ಲಾಳ ಸಡಿಲ.
ಗಮನಿಸಿದವರು ಇಬ್ಬರು.